ಬಹುಪ್ರೊಸೆಸರ್ ಜಾಲಗಳಲ್ಲಿ ದಟ್ಟಣೆ ನಿರ್ವಹಣೆ

ಬಹುಪ್ರೊಸೆಸರ್ ಜಾಲಗಳಲ್ಲಿ ದಟ್ಟಣೆ ನಿರ್ವಹಣೆ ಎಂಬುದು ಅನೇಕ ಪ್ರೊಸೆಸರ್‌ಗಳನ್ನು ಒಂದೇ ಗಣಕವಾಗಿ ಬೆಸೆಯುವ ಒಳಜಾಲದಲ್ಲಿ ಸಂದೇಶಗಳು ಮಿತಿಮೀರಿ ಕಿಕ್ಕಿರಿಯದಂತೆ ತಡೆಯುವ, ಕಿಕ್ಕಿರಿದಾಗ ಅದರ ದುಷ್ಪರಿಣಾಮವನ್ನು ತಗ್ಗಿಸುವ ವಿಧಾನಗಳ ಸಮೂಹವಾಗಿದೆ. ಸೂಪರ್‌ಕಂಪ್ಯೂಟರ್‌ಗಳು, ಬಹುಪ್ರೊಸೆಸರ್ ಸರ್ವರ್‌ಗಳು ಮತ್ತು ಹಲವು ಕೋರ್‌ಗಳುಳ್ಳ ಚಿಪ್‌ಗಳಲ್ಲಿ ಈ ವಿಧಾನಗಳು ಬಳಕೆಯಲ್ಲಿವೆ. ಇಂತಹ ಜಾಲಗಳು ಸಾಮಾನ್ಯವಾಗಿ ಯಾವ ಪ್ಯಾಕೆಟ್ಟನ್ನೂ ಕೈಬಿಡುವುದಿಲ್ಲ. ಮುಂದೆ ಜಾಗವಿಲ್ಲದಿದ್ದರೆ ಪ್ಯಾಕೆಟ್ ನಿಂತಲ್ಲೇ ಕಾಯುತ್ತದೆ. ಹೀಗೆ ಕಾಯುವ ಪ್ಯಾಕೆಟ್ ತನ್ನ ಹಿಂದಿನವನ್ನೂ ತಡೆಯುವುದರಿಂದ ಒಂದೆಡೆ ಹುಟ್ಟಿದ ದಟ್ಟಣೆಯು ಅದಕ್ಕೆ ಸಂಬಂಧವೇ ಇಲ್ಲದ ಪ್ರೊಸೆಸರ್‌ಗಳಿಗೂ ಹರಡುತ್ತದೆ. ಆದ್ದರಿಂದ ಜಾಲದೊಳಕ್ಕೆ ಹೊಸ ಪ್ಯಾಕೆಟ್‌ಗಳನ್ನು ಯಾವಾಗ ಬಿಡಬೇಕು, ಯಾವಾಗ ಬಾಗಿಲಲ್ಲೇ ತಡೆದು ನಿಲ್ಲಿಸಬೇಕು ಎಂಬ ನಿರ್ಧಾರವೇ ಈ ವಿಷಯದ ಮುಖ್ಯ ಪ್ರಶ್ನೆ.

ಹಿನ್ನೆಲೆ

ಒಂದು ದೊಡ್ಡ ಲೆಕ್ಕವನ್ನು ಅನೇಕ ಭಾಗಗಳಾಗಿ ಒಡೆದು ಬೇರೆ ಬೇರೆ ಪ್ರೊಸೆಸರ್‌ಗಳಿಗೆ ಹಂಚುವುದು ಬಹುಪ್ರೊಸೆಸರ್ ಗಣಕದ ಮೂಲ ತತ್ತ್ವ. ಹವಾಮಾನ ಮುನ್ಸೂಚನೆಯ ಲೆಕ್ಕದಲ್ಲಿ ಪ್ರತಿ ಪ್ರೊಸೆಸರ್ ಭೂಪಟದ ಒಂದೊಂದು ತುಂಡನ್ನು ನೋಡಿಕೊಂಡರೂ, ಅಕ್ಕಪಕ್ಕದ ತುಂಡುಗಳ ಒತ್ತಡ, ಉಷ್ಣತೆ, ಗಾಳಿಯ ವೇಗ ಇವು ಆಗಾಗ ವಿನಿಮಯವಾಗಲೇಬೇಕು. ಈ ವಿನಿಮಯ ತಡವಾದರೆ ಪ್ರೊಸೆಸರ್ ಎಷ್ಟೇ ವೇಗದ್ದಾಗಿದ್ದರೂ ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ.

ಪ್ರೊಸೆಸರ್‌ಗಳ ಸಂಖ್ಯೆ ಕಡಿಮೆಯಿದ್ದ ಗಣಕಗಳಲ್ಲಿ ಎಲ್ಲವೂ ಒಂದೇ ಬಸ್‌ಗೆ ಜೋಡಿಸಲ್ಪಟ್ಟಿರುತ್ತಿದ್ದವು. ಬಸ್ಸಿನಲ್ಲಿ ಒಂದು ಸಮಯಕ್ಕೆ ಒಬ್ಬರು ಮಾತ್ರ ಮಾತನಾಡಬಹುದಾದ್ದರಿಂದ ಪ್ರೊಸೆಸರ್‌ಗಳ ಸಂಖ್ಯೆ ಹೆಚ್ಚಿದಂತೆ ಅದು ಸಾಕಾಗದೆ ಹೋಯಿತು. ಅದರ ಬದಲಿಗೆ ಅನೇಕ ಚಿಕ್ಕ ರೂಟರ್‌ಗಳನ್ನು ಕೊಂಡಿಗಳಿಂದ ಜೋಡಿಸಿದ ಜಾಲಗಳು ಬಂದವು. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ 1983ರಲ್ಲಿ ಕೆಲಸ ಆರಂಭಿಸಿದ ಕಾಸ್ಮಿಕ್ ಕ್ಯೂಬ್ ಎಂಬ ಗಣಕದಲ್ಲಿ 64 ನೋಡ್‌ಗಳು ಹೈಪರ್‌ಕ್ಯೂಬ್ ರೂಪದಲ್ಲಿ ಜೋಡಣೆಗೊಂಡಿದ್ದವು. ಚಾರ್ಲ್ಸ್ ಲೈಸರ್ಸನ್ 1985ರಲ್ಲಿ ವಿವರಿಸಿದ ಫ್ಯಾಟ್-ಟ್ರೀ ರಚನೆಯನ್ನು ಥಿಂಕಿಂಗ್ ಮಷೀನ್ಸ್ ಕಂಪನಿಯ ಸಿಎಂ-5 ಗಣಕವು 1991ರಲ್ಲಿ ಬಳಸಿತು. 1993ರ ಕ್ರೇ ಟಿ3ಡಿ ಗಣಕವು ಮೂರು ಆಯಾಮಗಳ ಟೋರಸ್ ರಚನೆಯನ್ನು ಹೊಂದಿತ್ತು. ಟೋರಸ್ ಎಂದರೆ ಪ್ರತಿ ಸಾಲಿನ ಕೊನೆಯ ನೋಡ್ ಮೊದಲ ನೋಡಿಗೆ ಮರಳಿ ಜೋಡಣೆಗೊಂಡಿರುವ ಜಾಲರಿ.

ಇಂತಹ ಜಾಲದಲ್ಲಿ ಸಂದೇಶವು ಪ್ಯಾಕೆಟ್‌ಗಳಾಗಿ ಒಡೆದು ರೂಟರ್‌ನಿಂದ ರೂಟರ್‌ಗೆ ಸಾಗುತ್ತದೆ. ಪ್ರತಿ ರೂಟರ್‌ನಲ್ಲಿ ಬಫರ್ ಎಂಬ ಚಿಕ್ಕ ತಂಗುದಾಣವಿರುತ್ತದೆ. ಮುಂದಿನ ರೂಟರ್‌ನ ಬಫರ್‌ನಲ್ಲಿ ಖಾಲಿ ಜಾಗವಿದೆ ಎಂದು ಖಚಿತವಾದ ಮೇಲೆಯೇ ಹಿಂದಿನ ರೂಟರ್ ಪ್ಯಾಕೆಟ್ಟನ್ನು ಕಳುಹಿಸುತ್ತದೆ. ಖಾಲಿ ಜಾಗದ ಈ ಲೆಕ್ಕಕ್ಕೆ ಕ್ರೆಡಿಟ್ ಎನ್ನುತ್ತಾರೆ. ಕ್ರೆಡಿಟ್ ಮುಗಿದರೆ ರವಾನೆ ನಿಲ್ಲುತ್ತದೆ. ಹೀಗಾಗಿ ಬಫರ್ ತುಂಬಿತೆಂದು ಪ್ಯಾಕೆಟ್ ಕಳೆದುಹೋಗುವ ಪ್ರಸಂಗವೇ ಬರುವುದಿಲ್ಲ. ಇಂತಹ ಜಾಲವನ್ನು ನಷ್ಟರಹಿತ ಜಾಲ ಎಂದು ಕರೆಯುತ್ತಾರೆ.

ಪರ್ವೀಜ್ ಕರ್ಮಾನಿ ಮತ್ತು ಲಿಯೊನಾರ್ಡ್ ಕ್ಲೈನ್‌ರಾಕ್ 1979ರಲ್ಲಿ ಪ್ರಕಟಿಸಿದ ವರ್ಚುವಲ್ ಕಟ್-ಥ್ರೂ ವಿಧಾನದಲ್ಲಿ ಪ್ಯಾಕೆಟ್ಟಿನ ತಲೆಭಾಗ ಬಂದ ಕೂಡಲೇ ಅದನ್ನು ಮುಂದಕ್ಕೆ ಕಳುಹಿಸಲಾಗುತ್ತದೆ. ದಾರಿ ಕಟ್ಟಿಕೊಂಡರೆ ಇಡೀ ಪ್ಯಾಕೆಟ್ ಒಂದೇ ರೂಟರ್‌ನಲ್ಲಿ ಬಂದು ಸೇರುತ್ತದೆ. 1980ರ ದಶಕದಲ್ಲಿ ವಿಲಿಯಂ ಡಾಲಿ ಮತ್ತು ಚಾರ್ಲ್ಸ್ ಸೈಟ್ಸ್ ಬೆಳೆಸಿದ ವರ್ಮ್‌ಹೋಲ್ ವಿಧಾನದಲ್ಲಿ ಬಫರ್‌ಗಳು ಇನ್ನೂ ಚಿಕ್ಕವು. ಪ್ಯಾಕೆಟ್ಟಿನ ತುಣುಕುಗಳು ಹುಳುವಿನಂತೆ ಒಂದರ ಹಿಂದೊಂದು ಹಲವು ರೂಟರ್‌ಗಳಲ್ಲಿ ಚಾಚಿಕೊಂಡು ಸಾಗುತ್ತವೆ. ಇದರಿಂದ ರೂಟರ್‌ನ ವೆಚ್ಚ ಕಡಿಮೆಯಾಗುತ್ತದೆ. ಆದರೆ ತಲೆಭಾಗ ನಿಂತುಹೋದರೆ ಅದರ ದೇಹವು ಏಕಕಾಲಕ್ಕೆ ಹಲವು ರೂಟರ್‌ಗಳ ದಾರಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ದಟ್ಟಣೆ ಉಂಟಾಗುವ ಬಗೆ

ಜಾಲಕ್ಕೆ ಬಿಡುವ ಪ್ಯಾಕೆಟ್‌ಗಳ ಪ್ರಮಾಣ ಕಡಿಮೆಯಿದ್ದಾಗ ಬಿಟ್ಟಷ್ಟೂ ಪ್ಯಾಕೆಟ್‌ಗಳು ಗುರಿ ಸೇರುತ್ತವೆ. ಪ್ರಮಾಣವನ್ನು ಹೆಚ್ಚಿಸುತ್ತ ಹೋದಂತೆ ರವಾನೆಯೂ ಹೆಚ್ಚುತ್ತದೆ. ಒಂದು ಹಂತ ಮುಟ್ಟಿದ ಮೇಲೆ ರವಾನೆ ಹೆಚ್ಚುವುದು ನಿಲ್ಲುತ್ತದೆ; ಇದನ್ನು ಸಂತೃಪ್ತ ಬಿಂದು ಎನ್ನುತ್ತಾರೆ. ಅನೇಕ ಜಾಲಗಳಲ್ಲಿ ಈ ಬಿಂದುವನ್ನು ದಾಟಿದರೆ ರವಾನೆ ಅಲ್ಲಿಯೇ ನಿಲ್ಲದೆ ಕುಸಿಯುತ್ತದೆ. ಅಂದರೆ ಹೆಚ್ಚು ಪ್ಯಾಕೆಟ್‌ಗಳನ್ನು ತುರುಕಿದಷ್ಟೂ ತಲುಪುವ ಪ್ಯಾಕೆಟ್‌ಗಳು ಕಡಿಮೆಯಾಗುತ್ತವೆ. ಈ ಕುಸಿತಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ಸಾಲಿನ ಮುಂದಿನ ತಡೆ. ಒಂದೇ ಸಾಲಿನ ರಸ್ತೆಯಲ್ಲಿ ಬಲಕ್ಕೆ ತಿರುಗಲು ಕಾಯುತ್ತಿರುವ ಒಂದು ವಾಹನದ ಹಿಂದೆ ನೇರವಾಗಿ ಹೋಗಬೇಕಾದ ವಾಹನಗಳೂ ನಿಲ್ಲುವಂತೆ, ಬಫರ್‌ನ ತುದಿಯಲ್ಲಿರುವ ಪ್ಯಾಕೆಟ್ ನಿಂತರೆ ಅದರ ಹಿಂದಿನವು, ತಮ್ಮ ದಾರಿ ಖಾಲಿಯಿದ್ದರೂ, ಕಾಯಬೇಕಾಗುತ್ತದೆ. ಪ್ರತಿ ಒಳಬಾಗಿಲಿಗೆ ಒಂದೇ ಸಾಲು ಇರುವ ದೊಡ್ಡ ಸ್ವಿಚ್‌ನಲ್ಲಿ, ಗುರಿಗಳು ಸಮನಾಗಿ ಹಂಚಿಹೋಗಿದ್ದರೂ ಸಹ, ಈ ಒಂದೇ ಕಾರಣದಿಂದ ರವಾನೆಯು ಗರಿಷ್ಠ ಸಾಮರ್ಥ್ಯದ ಸುಮಾರು 58.6 ಪ್ರತಿಶತಕ್ಕೆ ಸೀಮಿತವಾಗುತ್ತದೆ ಎಂದು ಮಾರ್ಕ್ ಕರೋಲ್, ಮೈಕೆಲ್ ಹ್ಲುಚಿ ಮತ್ತು ಸ್ಯಾಮ್ಯುಯೆಲ್ ಮಾರ್ಗನ್ 1987ರಲ್ಲಿ ಗಣಿತದ ಮೂಲಕ ತೋರಿಸಿದರು.

ಎರಡನೆಯದು ಹಾಟ್‌ಸ್ಪಾಟ್, ಅಂದರೆ ಹಲವರು ಒಂದೇ ಸ್ಥಳವನ್ನು ಏಕಕಾಲಕ್ಕೆ ಬಯಸುವ ಸನ್ನಿವೇಶ. ಎಲ್ಲ ಪ್ರೊಸೆಸರ್‌ಗಳೂ ಹಂಚಿಕೊಳ್ಳುವ ಒಂದು ಎಣಿಕೆ ಅಥವಾ ಬೀಗ ಯಾವ ಮೆಮೊರಿ ಘಟಕದಲ್ಲಿದೆಯೋ ಅಲ್ಲಿ ಹಾಟ್‌ಸ್ಪಾಟ್ ಹುಟ್ಟುತ್ತದೆ. ಇದರ ಬಗ್ಗೆ ಹೆಚ್ಚಿನ ವಿವರ ಮುಂದಿನ ವಿಭಾಗದಲ್ಲಿದೆ.

ಮೂರನೆಯದು ಡೆಡ್‌ಲಾಕ್. ಒಂದು ಪ್ಯಾಕೆಟ್ ಎರಡನೆಯದರ ಜಾಗಕ್ಕಾಗಿ, ಎರಡನೆಯದು ಮೂರನೆಯದರ ಜಾಗಕ್ಕಾಗಿ, ಕೊನೆಯದು ಮೊದಲನೆಯದರ ಜಾಗಕ್ಕಾಗಿ ಕಾಯುತ್ತ ಒಂದು ವೃತ್ತ ಏರ್ಪಟ್ಟರೆ ಯಾವುದೂ ಎಂದಿಗೂ ಚಲಿಸದು. ಇದನ್ನು ತಪ್ಪಿಸಲು ಕೆಲವು ಬಫರ್‌ಗಳನ್ನು ಕಟ್ಟುನಿಟ್ಟಾದ ಕ್ರಮದಲ್ಲಿ ಮಾತ್ರ ಬಳಸುವ ಪಾರುದಾರಿಗಳಾಗಿ ಮೀಸಲಿಡಲಾಗುತ್ತದೆ. ಇಂತಹ ದಾರಿಗಳ ಸಿದ್ಧಾಂತವನ್ನು ಸ್ಪೇನಿನ ಗಣಕ ವಿಜ್ಞಾನಿ ಹೊಸೆ ದುವಾತೊ 1990ರ ದಶಕದಲ್ಲಿ ರೂಪಿಸಿದರು. ಜಾಲ ಕಿಕ್ಕಿರಿದಾಗ ಮುಖ್ಯ ದಾರಿಗಳೆಲ್ಲ ಕಟ್ಟಿಕೊಂಡು, ಪ್ಯಾಕೆಟ್‌ಗಳು ಈ ಇಕ್ಕಟ್ಟಾದ ಪಾರುದಾರಿಗಳಲ್ಲಿ ಮಾತ್ರ ತೆವಳುತ್ತವೆ. ಜಾಲ ಪೂರ್ತಿ ನಿಲ್ಲದಿದ್ದರೂ ರವಾನೆ ತೀರ ಇಳಿದುಹೋಗುತ್ತದೆ.

ಹಾಟ್‌ಸ್ಪಾಟ್ ಮತ್ತು ದಟ್ಟಣೆಯ ಮರ

ಐಬಿಎಂ ಸಂಸ್ಥೆಯ ಆರ್‌ಪಿ3 ಎಂಬ ಸಂಶೋಧನಾ ಗಣಕದ ಯೋಜನೆಯಲ್ಲಿದ್ದ ಗ್ರೆಗರಿ ಫಿಸ್ಟರ್ ಮತ್ತು ಅಲನ್ ನಾರ್ಟನ್ 1985ರಲ್ಲಿ ಪ್ರಕಟಿಸಿದ ಪ್ರಬಂಧವು ಈ ವಿಷಯದ ಅಧ್ಯಯನಕ್ಕೆ ತಳಹದಿ ಹಾಕಿತು. ಅವರ ವಾದವನ್ನು ಸರಳ ಲೆಕ್ಕದಿಂದ ಅರಿಯಬಹುದು.

ಒಂದು ಗಣಕದಲ್ಲಿ 1,000 ಪ್ರೊಸೆಸರ್‌ಗಳೂ 1,000 ಮೆಮೊರಿ ಘಟಕಗಳೂ ಇವೆ ಎಂದುಕೊಳ್ಳೋಣ. ಪ್ರತಿ ಘಟಕವು ಒಂದು ಗಡಿಯಾರ ಆವರ್ತದಲ್ಲಿ ಒಂದು ಕೋರಿಕೆಯನ್ನು ಪೂರೈಸಬಲ್ಲದು. ಕೋರಿಕೆಗಳು ಎಲ್ಲ ಘಟಕಗಳಿಗೂ ಸಮನಾಗಿ ಹಂಚಿಹೋದರೆ ಪ್ರತಿ ಪ್ರೊಸೆಸರ್ ಆವರ್ತಕ್ಕೊಂದರಂತೆ ಕೋರಿಕೆ ಕಳುಹಿಸಬಹುದು. ಈಗ ಪ್ರತಿ ಪ್ರೊಸೆಸರ್ ತನ್ನ ಕೋರಿಕೆಗಳಲ್ಲಿ ಕೇವಲ 1 ಪ್ರತಿಶತವನ್ನು ಒಂದು ನಿರ್ದಿಷ್ಟ ಘಟಕಕ್ಕೆ ಕಳುಹಿಸಿ, ಉಳಿದ 99 ಪ್ರತಿಶತವನ್ನು ಸಮನಾಗಿ ಹಂಚಿದರೆ, ಆ ಒಂದು ಘಟಕದ ಮೇಲೆ ಆವರ್ತಕ್ಕೆ 10 ಹೆಚ್ಚುವರಿ ಕೋರಿಕೆಗಳು ಬೀಳುತ್ತವೆ. ಸಮಹಂಚಿಕೆಯ ಪಾಲು 0.99 ಸೇರಿ ಒಟ್ಟು 10.99. ಘಟಕ ಪೂರೈಸಬಲ್ಲದ್ದು ಒಂದು ಮಾತ್ರ. ಆದ್ದರಿಂದ ಪ್ರತಿ ಪ್ರೊಸೆಸರ್ ತನ್ನ ವೇಗವನ್ನು ಸುಮಾರು 9 ಪ್ರತಿಶತಕ್ಕೆ ಇಳಿಸಬೇಕಾಗುತ್ತದೆ. ನೂರರಲ್ಲಿ ಒಂದು ಕೋರಿಕೆಯ ಓರೆಯಿಂದ ಇಡೀ ಗಣಕದ ಮೆಮೊರಿ ಸಾಮರ್ಥ್ಯದ ಹತ್ತರಲ್ಲಿ ಒಂಬತ್ತು ಪಾಲು ನಿರುಪಯುಕ್ತವಾಗುತ್ತದೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ಪರಿಣಾಮವನ್ನೂ ಅವರು ಗುರುತಿಸಿದರು. ಹಾಟ್‌ಸ್ಪಾಟಿಗೆ ಹತ್ತಿರವಿರುವ ಸ್ವಿಚ್‌ನ ಬಫರ್ ಮೊದಲು ತುಂಬುತ್ತದೆ. ಆಗ ಅದಕ್ಕೆ ಪ್ಯಾಕೆಟ್ ಕಳುಹಿಸುವ ಹಿಂದಿನ ಸ್ವಿಚ್‌ಗಳ ಬಫರ್‌ಗಳು ತುಂಬುತ್ತವೆ, ಆಮೇಲೆ ಅವುಗಳ ಹಿಂದಿನವು. ತುಂಬಿದ ಬಫರ್‌ಗಳು ಹಾಟ್‌ಸ್ಪಾಟನ್ನು ಬುಡವಾಗಿಸಿಕೊಂಡು ಎಲ್ಲ ಪ್ರೊಸೆಸರ್‌ಗಳತ್ತ ಕವಲೊಡೆಯುವ ಮರದಂತೆ ಬೆಳೆಯುತ್ತವೆ. ಫಿಸ್ಟರ್ ಮತ್ತು ನಾರ್ಟನ್ ಇದನ್ನು ಟ್ರೀ ಸ್ಯಾಚುರೇಶನ್ ಎಂದು ಕರೆದರು. ಮರ ಪೂರ್ತಿ ಬೆಳೆದ ಮೇಲೆ ಹಾಟ್‌ಸ್ಪಾಟಿನ ಕಡೆ ಮುಖವನ್ನೇ ಹಾಕದ ಪ್ರೊಸೆಸರ್‌ನ ಪ್ಯಾಕೆಟ್ಟೂ ಅದರ ಕೊಂಬೆಗಳನ್ನು ದಾಟಿಯೇ ಹೋಗಬೇಕು. ತಪ್ಪು ಮಾಡದವರೂ ದಂಡ ತೆರುವ ಈ ಸ್ಥಿತಿಯಲ್ಲಿ ಸಿಲುಕಿದ ಪ್ಯಾಕೆಟ್‌ಗಳ ಹರಿವನ್ನು ಬಲಿಪಶು ಹರಿವು ಎನ್ನುತ್ತಾರೆ.

ಅಂತರ್ಜಾಲದ ದಟ್ಟಣೆಗಿಂತ ಇರುವ ಭಿನ್ನತೆ

1986ರ ಅಕ್ಟೋಬರ್ ತಿಂಗಳಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಡುವಿನ ಅಂತರ್ಜಾಲ ಸಂಪರ್ಕದ ವೇಗವು ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಇದನ್ನು ಅಧ್ಯಯನ ಮಾಡಿದ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರವು ಟಿಸಿಪಿ ನಿಯಮಾವಳಿಯ ಭಾಗವಾಯಿತು. ಅಂತರ್ಜಾಲದಲ್ಲಿ ರೂಟರ್ ತುಂಬಿದರೆ ಅದು ಪ್ಯಾಕೆಟ್ಟನ್ನು ಬಿಸಾಡುತ್ತದೆ. ಪ್ಯಾಕೆಟ್ ತಲುಪದಿರುವುದನ್ನೇ ಸೂಚನೆಯಾಗಿ ಗ್ರಹಿಸಿ ಕಳುಹಿಸುವ ಗಣಕವು ತನ್ನ ವೇಗವನ್ನು ಇಳಿಸುತ್ತದೆ.

ಬಹುಪ್ರೊಸೆಸರ್ ಜಾಲಕ್ಕೆ ಈ ಉಪಾಯ ನೇರವಾಗಿ ಹೊಂದುವುದಿಲ್ಲ. ಇಲ್ಲಿ ಪ್ಯಾಕೆಟ್ ಕಳೆದುಹೋಗುವುದಿಲ್ಲವಾದ್ದರಿಂದ ಆ ಸೂಚನೆಯೇ ಇರುವುದಿಲ್ಲ. ಪ್ಯಾಕೆಟ್ಟು ಪ್ರೊಸೆಸರ್‌ನ ಮೆಮೊರಿ ಕೋರಿಕೆಯೇ ಆಗಿರಬಹುದು. ಅದನ್ನು ಬಿಸಾಡಿ ಮತ್ತೆ ಕಳುಹಿಸುವಷ್ಟು ಸಮಯವೂ ಇರುವುದಿಲ್ಲ. ಅಂತರ್ಜಾಲದಲ್ಲಿ ಹೋಗಿಬರುವ ಕಾಲವನ್ನು ಮಿಲಿಸೆಕೆಂಡುಗಳಲ್ಲಿ ಅಳೆದರೆ ಇಲ್ಲಿ ಮೈಕ್ರೋಸೆಕೆಂಡು ಮತ್ತು ಅದಕ್ಕೂ ಕಡಿಮೆ ಅವಧಿಯಲ್ಲಿ ಅಳೆಯಬೇಕು. ಆದ್ದರಿಂದ ನಿರ್ಧಾರವನ್ನು ಬಹುಮಟ್ಟಿಗೆ ಯಂತ್ರಾಂಶವೇ ತೆಗೆದುಕೊಳ್ಳಬೇಕಾಗುತ್ತದೆ.

ನಿರ್ವಹಣಾ ವಿಧಾನಗಳು

ಕೋರಿಕೆಗಳನ್ನು ಒಗ್ಗೂಡಿಸುವುದು

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಲ್ಟ್ರಾಕಂಪ್ಯೂಟರ್ ಯೋಜನೆಯು ಒಂದೇ ವಿಳಾಸಕ್ಕೆ ಹೊರಟ ಕೋರಿಕೆಗಳನ್ನು ದಾರಿಯ ಸ್ವಿಚ್‌ನಲ್ಲೇ ಒಂದುಗೂಡಿಸುವ ಜಾಲವನ್ನು ಪ್ರತಿಪಾದಿಸಿತು. ಉದಾಹರಣೆಗೆ, ಒಂದು ಎಣಿಕೆಗೆ ತಲಾ 1 ಕೂಡಿಸಬೇಕೆಂಬ ಎರಡು ಕೋರಿಕೆಗಳು ಸ್ವಿಚ್‌ನಲ್ಲಿ ಸಂಧಿಸಿದರೆ, ಸ್ವಿಚ್ 2 ಕೂಡಿಸಬೇಕೆಂಬ ಒಂದೇ ಕೋರಿಕೆಯನ್ನು ಮುಂದಕ್ಕೆ ಕಳುಹಿಸುತ್ತದೆ. ಮೆಮೊರಿಯಿಂದ ಹಳೆಯ ಮೌಲ್ಯ 7 ಮರಳಿ ಬಂದರೆ, ಸ್ವಿಚ್ ಒಬ್ಬರಿಗೆ 7, ಇನ್ನೊಬ್ಬರಿಗೆ 8 ಎಂದು ಉತ್ತರಿಸುತ್ತದೆ. ಮೆಮೊರಿಗೆ ಹೋದದ್ದು ಒಂದೇ ಕೋರಿಕೆಯಾದರೂ ಇಬ್ಬರಿಗೂ ಸರಿಯಾದ ಉತ್ತರ ದೊರೆಯುತ್ತದೆ. ಸ್ವಿಚ್‌ಗಳು ದುಬಾರಿಯಾಗುವುದು ಮತ್ತು ಬೇರೆ ಬೇರೆ ವಿಳಾಸಗಳಿಗೆ ಹೋಗುವ ಪ್ಯಾಕೆಟ್‌ಗಳ ದಟ್ಟಣೆಗೆ ಇದು ಪರಿಹಾರವಲ್ಲದಿರುವುದು ಈ ವಿಧಾನದ ಕೊರತೆಗಳು.

ಇದೇ ಕೆಲಸವನ್ನು ತಂತ್ರಾಂಶದಿಂದಲೂ ಭಾಗಶಃ ಸಾಧಿಸಬಹುದು. ಜಾನ್ ಮೆಲ್ಲರ್-ಕ್ರಮ್ಮಿ ಮತ್ತು ಮೈಕೆಲ್ ಸ್ಕಾಟ್ 1991ರಲ್ಲಿ ಪ್ರಕಟಿಸಿದ ಬೀಗದ ವಿಧಾನದಲ್ಲಿ ಕಾಯುವ ಪ್ರತಿ ಪ್ರೊಸೆಸರ್ ಎಲ್ಲರೂ ನೋಡುವ ಒಂದೇ ಸ್ಥಳವನ್ನು ಪದೇ ಪದೇ ಓದದೆ, ತನ್ನದೇ ಆದ ಪ್ರತ್ಯೇಕ ಸ್ಥಳವನ್ನು ಓದುತ್ತ ಸರದಿಯಲ್ಲಿ ನಿಲ್ಲುತ್ತದೆ.

ವರ್ಚುವಲ್ ಚಾನೆಲ್‌ಗಳು

ಒಂದೇ ಭೌತಿಕ ಕೊಂಡಿಗೆ ಹಲವು ಪ್ರತ್ಯೇಕ ಬಫರ್ ಸಾಲುಗಳನ್ನು ಒದಗಿಸಿದರೆ ಒಂದು ಸಾಲಿನ ಪ್ಯಾಕೆಟ್ ನಿಂತರೂ ಇನ್ನೊಂದು ಸಾಲಿನದು ಅದನ್ನು ದಾಟಿ ಹೋಗಬಲ್ಲದು. ಈ ಸಾಲುಗಳೇ ವರ್ಚುವಲ್ ಚಾನೆಲ್‌ಗಳು. ಡೆಡ್‌ಲಾಕ್ ತಪ್ಪಿಸಲು ಹುಟ್ಟಿದ ಈ ಕಲ್ಪನೆಯು ರವಾನೆಯನ್ನು ಹೆಚ್ಚಿಸಲೂ ನೆರವಾಗುತ್ತದೆ ಎಂದು ಡಾಲಿ 1992ರ ಪ್ರಬಂಧದಲ್ಲಿ ವಿವರಿಸಿದರು. ಆದರೆ ದಟ್ಟಣೆ ಮುಂದುವರಿದರೆ ಎಲ್ಲ ಸಾಲುಗಳೂ ಒಂದೊಂದಾಗಿ ತುಂಬುವುದರಿಂದ ಇದು ಕುಸಿತವನ್ನು ಮುಂದೂಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ದಾರಿಯನ್ನು ಬದಲಿಸುವುದು

ಪ್ಯಾಕೆಟ್ಟಿಗೆ ಒಂದಕ್ಕಿಂತ ಹೆಚ್ಚು ದಾರಿಗಳಿದ್ದಾಗ ಖಾಲಿಯಿರುವ ದಾರಿಯನ್ನು ಆಯ್ದುಕೊಳ್ಳುವುದು ಹೊಂದಾಣಿಕೆಯ ಮಾರ್ಗ ನಿರ್ಣಯ. ಲೆಸ್ಲಿ ವ್ಯಾಲಿಯಂಟ್ 1980ರ ದಶಕದ ಆರಂಭದಲ್ಲಿ ಇನ್ನೊಂದು ಉಪಾಯವನ್ನು ಸೂಚಿಸಿದರು: ಪ್ರತಿ ಪ್ಯಾಕೆಟ್ಟನ್ನು ಮೊದಲು ಯಾದೃಚ್ಛಿಕವಾಗಿ ಆಯ್ದ ಒಂದು ನಡುವಿನ ನೋಡಿಗೆ, ಅಲ್ಲಿಂದ ಗುರಿಗೆ ಕಳುಹಿಸುವುದು. ದಾರಿ ಉದ್ದವಾದರೂ ಯಾವ ಬಗೆಯ ಸಂವಹನವಾದರೂ ಹೊರೆ ಸಮನಾಗಿ ಹಂಚಿಹೋಗುತ್ತದೆ. ಜಾಲದ ಮಧ್ಯದ ದಟ್ಟಣೆಗೆ ಈ ವಿಧಾನಗಳು ಪರಿಣಾಮಕಾರಿ. ಗುರಿಯಲ್ಲೇ ದಟ್ಟಣೆಯಿದ್ದರೆ ಇವು ನಿಷ್ಪ್ರಯೋಜಕ ಮಾತ್ರವಲ್ಲ, ಹಾನಿಕರವೂ ಆಗಬಹುದು. ಎಲ್ಲ ದಾರಿಗಳೂ ಅದೇ ಗುರಿಗೆ ಸೇರುವುದರಿಂದ ದಟ್ಟಣೆ ಒಂದು ದಾರಿಯ ಬದಲು ಎಲ್ಲ ದಾರಿಗಳಲ್ಲೂ ಹರಡುತ್ತದೆ.

ಮೂಲದಲ್ಲೇ ತಡೆಯುವುದು

ಜಾಲ ಸಂತೃಪ್ತ ಬಿಂದುವಿನ ಹತ್ತಿರ ಬಂದಾಗ ಹೊಸ ಪ್ಯಾಕೆಟ್‌ಗಳನ್ನು ಕಳುಹಿಸುವ ನೋಡಿನಲ್ಲೇ ಹಿಡಿದಿಡುವುದು ಪ್ರವೇಶ ನಿಯಂತ್ರಣ. ಆಗಲೇ ಒಳಗಿರುವ ಪ್ಯಾಕೆಟ್‌ಗಳು ಖಾಲಿಯಾಗಲು ಇದು ಅವಕಾಶ ಕೊಡುತ್ತದೆ. ಇಲ್ಲಿನ ಕಷ್ಟ ಜಾಲದ ಸ್ಥಿತಿಯನ್ನು ತಿಳಿಯುವುದು. ನೋಡ್ ತನ್ನ ರೂಟರ್‌ನ ಬಫರ್‌ಗಳನ್ನು ಮಾತ್ರ ನೋಡಿ ನಿರ್ಧರಿಸುವ ವಿಧಾನಗಳು ಅಗ್ಗವಾಗಿವೆ. ಆದರೆ ದೂರದಲ್ಲಿ ಹುಟ್ಟಿದ ದಟ್ಟಣೆಯ ಮರ ಬೆಳೆದು ತನ್ನ ಮನೆಬಾಗಿಲಿಗೆ ಬಂದ ಮೇಲೆಯೇ ನೋಡಿಗೆ ಅದರ ಅರಿವಾಗುತ್ತದೆ; ಅಷ್ಟರಲ್ಲಿ ಕುಸಿತ ಆರಂಭವಾಗಿರುತ್ತದೆ.

ಮಿಥುನ ತೊಟ್ಟೆತೋಡಿ, ಆಲ್ವಿನ್ ಲೆಬೆಕ್ ಮತ್ತು ಶುಭೇಂದು ಮುಖರ್ಜಿ 2001ರಲ್ಲಿ ಮಂಡಿಸಿದ ಸ್ವಯಂ-ಹೊಂದಾಣಿಕೆಯ ವಿಧಾನವು ಈ ಕೊರತೆಯನ್ನು ಇಡೀ ಜಾಲದ ಮಾಹಿತಿಯಿಂದ ನೀಗಿಸಲು ಯತ್ನಿಸಿತು. ಇದರಲ್ಲಿ ಜಾಲದಾದ್ಯಂತ ತುಂಬಿರುವ ಬಫರ್‌ಗಳ ಒಟ್ಟು ಸಂಖ್ಯೆಯನ್ನು ನಿಯತ ಅಂತರದಲ್ಲಿ ಕೂಡಿಸಿ ಎಲ್ಲ ನೋಡ್‌ಗಳಿಗೂ ತಿಳಿಸಲಾಗುತ್ತದೆ. ಆ ಸಂಖ್ಯೆ ಒಂದು ಮಿತಿಮಟ್ಟವನ್ನು ಮೀರಿದರೆ ಎಲ್ಲ ನೋಡ್‌ಗಳೂ ಹೊಸ ಪ್ಯಾಕೆಟ್‌ಗಳನ್ನು ತಡೆಯುತ್ತವೆ.

ಮಿತಿಮಟ್ಟ ಎಷ್ಟಿರಬೇಕು ಎಂಬುದು ಸಂವಹನದ ಬಗೆಯನ್ನು ಅವಲಂಬಿಸಿದೆ. ಗುರಿಗಳು ಎಲ್ಲೆಡೆ ಹರಡಿರುವ ಸಂವಹನದಲ್ಲಿ ಹೆಚ್ಚು ಬಫರ್‌ಗಳು ತುಂಬಿದ್ದರೂ ಜಾಲ ಚೆನ್ನಾಗಿಯೇ ನಡೆಯಬಹುದು. ಕೆಲವೇ ದಾರಿಗಳ ಮೇಲೆ ಒತ್ತಡ ಬೀಳುವ ಸಂವಹನದಲ್ಲಿ ಅದಕ್ಕಿಂತ ಕಡಿಮೆ ಸಂಖ್ಯೆಯಲ್ಲೇ ಕುಸಿತ ಬರಬಹುದು. ಆದ್ದರಿಂದ ಮಿತಿಮಟ್ಟವನ್ನು ಮೊದಲೇ ನಿಗದಿಪಡಿಸದೆ, ಗಣಕ ಓಡುತ್ತಿರುವಾಗಲೇ ರವಾನೆಯನ್ನು ಅಳೆದು ತಿದ್ದಲಾಗುತ್ತದೆ. ತಡೆ ಜಾರಿಯಲ್ಲಿದ್ದು ರವಾನೆ ಕುಸಿಯದಿದ್ದರೆ ಮಿತಿಮಟ್ಟವನ್ನು ಸ್ವಲ್ಪ ಏರಿಸಲಾಗುತ್ತದೆ; ರವಾನೆ ಗಣನೀಯವಾಗಿ ಕುಸಿದರೆ ಇಳಿಸಲಾಗುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು ಕಾಲಿನಿಂದ ಏರು-ಇಳಿವನ್ನು ತಡವುತ್ತ ಗುಡ್ಡದ ನೆತ್ತಿಯನ್ನು ಹುಡುಕುವುದಕ್ಕೆ ಇದನ್ನು ಹೋಲಿಸಬಹುದು.

ಸೂಚನೆ ಕಳುಹಿಸುವುದು

ಇನ್ಫಿನಿಬ್ಯಾಂಡ್ ಜಾಲಗಳಲ್ಲಿ ದಟ್ಟಣೆ ಕಂಡ ಸ್ವಿಚ್ ಹಾದುಹೋಗುವ ಪ್ಯಾಕೆಟ್ಟಿನಲ್ಲಿ ಒಂದು ಗುರುತನ್ನು ಹಾಕುತ್ತದೆ. ಗುರಿಯ ನೋಡ್ ಆ ಗುರುತನ್ನು ಕಂಡು ಕಳುಹಿಸಿದ ನೋಡಿಗೆ ಮರುಸೂಚನೆ ನೀಡುತ್ತದೆ. ಸೂಚನೆ ಪಡೆದ ನೋಡ್ ಪ್ಯಾಕೆಟ್‌ಗಳ ನಡುವಿನ ಅಂತರವನ್ನು ಹೆಚ್ಚಿಸಿ, ಕೆಲಕಾಲ ಸೂಚನೆ ಬಾರದಿದ್ದರೆ ಕ್ರಮೇಣ ಮೊದಲಿನ ವೇಗಕ್ಕೆ ಮರಳುತ್ತದೆ. ಗುರುತು ಹಾಕುವಾಗ ದಟ್ಟಣೆಯ ಬುಡವನ್ನೂ ಕೊಂಬೆಯನ್ನೂ ಬೇರ್ಪಡಿಸಿ ನೋಡಬೇಕು. ಸಾಲು ಬೆಳೆದಿದ್ದರೂ ಮುಂದಕ್ಕೆ ಕಳುಹಿಸಲು ಕ್ರೆಡಿಟ್ ಇರುವ ಬಾಗಿಲು ದಟ್ಟಣೆಯ ಬುಡ. ಕ್ರೆಡಿಟ್ ಇಲ್ಲದೆ ನಿಂತಿರುವ ಬಾಗಿಲು ಬೇರೆಡೆಯ ದಟ್ಟಣೆಗೆ ಬಲಿಯಾದದ್ದು.

ದಟ್ಟಣೆಯನ್ನು ಪ್ರತ್ಯೇಕಿಸುವುದು

ದುವಾತೊ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಆರ್‌ಇಸಿಎನ್ ವಿಧಾನವು ದಟ್ಟಣೆಯನ್ನು ಇಲ್ಲವಾಗಿಸುವ ಬದಲು ಅದರ ಹಾನಿಯನ್ನು ಇಲ್ಲವಾಗಿಸಬೇಕೆಂಬ ದೃಷ್ಟಿಯನ್ನು ಮುಂದಿಟ್ಟಿತು. ದಟ್ಟಣೆಯ ಸ್ಥಳಕ್ಕೆ ಹೋಗುವ ಪ್ಯಾಕೆಟ್‌ಗಳನ್ನು ಗುರುತಿಸಿ ಪ್ರತಿ ಸ್ವಿಚ್‌ನಲ್ಲೂ ಬೇರೆ ಸಾಲಿಗೆ ಸರಿಸಿದರೆ, ಉಳಿದ ಪ್ಯಾಕೆಟ್‌ಗಳು ಅಡೆತಡೆಯಿಲ್ಲದೆ ಸಾಗುತ್ತವೆ. ದಟ್ಟಣೆ ಕರಗಿದ ಮೇಲೆ ಆ ಸಾಲನ್ನು ಬೇರೆ ದಟ್ಟಣೆಗೆ ಮರುಬಳಕೆ ಮಾಡಲಾಗುತ್ತದೆ.

ಬಳಕೆಯಲ್ಲಿರುವ ವ್ಯವಸ್ಥೆಗಳು

2008ರಲ್ಲಿ ಜಾನ್ ಕಿಮ್, ಡಾಲಿ, ಸ್ಟೀವ್ ಸ್ಕಾಟ್ ಮತ್ತು ಡೆನ್ನಿಸ್ ಆಬ್ಟ್ಸ್ ವಿವರಿಸಿದ ಡ್ರಾಗನ್‌ಫ್ಲೈ ರಚನೆಯಲ್ಲಿ ರೂಟರ್‌ಗಳು ಗುಂಪುಗಳಾಗಿದ್ದು, ಗುಂಪುಗಳ ನಡುವೆ ಕೆಲವೇ ಉದ್ದನೆಯ ಕೊಂಡಿಗಳಿರುತ್ತವೆ. ಎರಡು ಗುಂಪುಗಳ ನಡುವಿನ ನೇರ ಕೊಂಡಿ ಬೇಗ ತುಂಬುವ ಸಂಭವವಿರುವುದರಿಂದ, ಮೂರನೆಯ ಗುಂಪಿನ ಮೂಲಕ ಸುತ್ತಿಹೋಗುವ ಹೊಂದಾಣಿಕೆಯ ಮಾರ್ಗ ನಿರ್ಣಯ ಇದಕ್ಕೆ ಅತ್ಯಗತ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪನೆಯಾದ ಸಹಸ್ರಟಿ ಎಂಬ ಕ್ರೇ ಎಕ್ಸ್‌ಸಿ40 ಸೂಪರ್‌ಕಂಪ್ಯೂಟರ್‌ನ ಏರೀಸ್ ಜಾಲವು ಡ್ರಾಗನ್‌ಫ್ಲೈ ರಚನೆಯದು.

2022ರಲ್ಲಿ ಸೆಕೆಂಡಿಗೆ ಒಂದು ಎಕ್ಸಾಫ್ಲಾಪ್ ಮಟ್ಟವನ್ನು ದಾಟಿದ, ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಫ್ರಾಂಟಿಯರ್ ಗಣಕವು ಸ್ಲಿಂಗ್‌ಶಾಟ್ ಜಾಲವನ್ನು ಬಳಸುತ್ತದೆ. ಈ ಜಾಲದ ಯಂತ್ರಾಂಶವು ಯಾವ ನೋಡಿನಿಂದ ಯಾವ ನೋಡಿಗೆ ಎಷ್ಟು ಪ್ಯಾಕೆಟ್‌ಗಳು ದಾರಿಯಲ್ಲಿವೆ ಎಂಬ ಲೆಕ್ಕವಿಟ್ಟು, ದಟ್ಟಣೆಗೆ ಕಾರಣವಾದ ನೋಡ್‌ಗಳನ್ನು ಮಾತ್ರ ತಡೆಯುತ್ತದೆ. ಒಂದೇ ಸೂಪರ್‌ಕಂಪ್ಯೂಟರ್‌ನಲ್ಲಿ ಅನೇಕ ಬಳಕೆದಾರರ ಕೆಲಸಗಳು ಏಕಕಾಲಕ್ಕೆ ನಡೆಯುವುದರಿಂದ ಇದಕ್ಕೆ ಮಹತ್ತ್ವವಿದೆ. ಒಬ್ಬರ ಕೆಲಸದಿಂದ ಹುಟ್ಟಿದ ದಟ್ಟಣೆ ಇನ್ನೊಬ್ಬರ ಕೆಲಸವನ್ನು ನಿಧಾನಗೊಳಿಸಬಾರದು.

ಮಿತಿಗಳು

ಎಲ್ಲ ಸಂದರ್ಭಗಳಿಗೂ ಸಲ್ಲುವ ಒಂದೇ ವಿಧಾನವಿಲ್ಲ. ತಡೆಯನ್ನು ಬೇಗ ಹಾಕಿದರೆ ಖಾಲಿ ಕೊಂಡಿಗಳು ವ್ಯರ್ಥವಾಗುತ್ತವೆ. ತಡವಾಗಿ ಹಾಕಿದರೆ ಮರ ಬೆಳೆದುಬಿಟ್ಟಿರುತ್ತದೆ. ಸೂಚನೆ ಹೋಗಿಬರುವಷ್ಟರಲ್ಲಿ ಅಲ್ಪಾವಧಿಯ ದಟ್ಟಣೆ ತಾನಾಗಿಯೇ ಕರಗಿ, ಅನಗತ್ಯವಾಗಿ ವೇಗ ಇಳಿಸಿದಂತಾಗಬಹುದು. ಇಡೀ ಜಾಲದ ಮಾಹಿತಿಯನ್ನು ಕಲೆಹಾಕುವ ಕಾಲವು ಜಾಲ ದೊಡ್ಡದಾದಂತೆ ಹೆಚ್ಚುತ್ತದೆ. ಪ್ರತ್ಯೇಕ ಸಾಲುಗಳ ಸಂಖ್ಯೆಗೆ ಚಿಪ್‌ನಲ್ಲಿರುವ ಜಾಗವೇ ಮಿತಿ. ಈ ಕಾರಣಗಳಿಂದ ಆಧುನಿಕ ಜಾಲಗಳು ಮೇಲಿನ ವಿಧಾನಗಳಲ್ಲಿ ಹಲವನ್ನು ಒಟ್ಟಿಗೆ ಬಳಸುತ್ತವೆ: ಮಧ್ಯದ ದಟ್ಟಣೆಗೆ ದಾರಿ ಬದಲಾವಣೆ, ಗುರಿಯ ದಟ್ಟಣೆಗೆ ಮೂಲದಲ್ಲಿ ತಡೆ, ಆ ತಡೆ ಫಲ ನೀಡುವವರೆಗಿನ ಅವಧಿಗೆ ಪ್ರತ್ಯೇಕ ಸಾಲುಗಳು.